ಇದ್ದೀಯಾ, ಇದ್ದೀನಿ

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿ ಬಂದು ನಿಲ್ಲುವ ಪ್ಲಾಟ್‌ಫಾರಂ ಪೂರ್ವದ ತುದಿಯಲ್ಲಿ ಇಳಿಜಾರಾಗಿ ಹಳಿಯ ಮಟ್ಟಕ್ಕೆ ಸೇರುತ್ತಿತ್ತು. ಸಾಮಾನಿನ ತಳ್ಳುಗಾಡಿಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುತ್ತಿದ್ದುದು ಅಲ್ಲಿಯೇ. ಇಳಿಜಾರು ಶುರುವಾಗುವ ಜಾಗದಲ್ಲಿ ಒಂದು ನೀರಿನ ನಲ್ಲಿ. ನಾನು ನಿಂತಿದ್ದದ್ದು ಆ ನಲ್ಲಿಯ ಪಕ್ಕದಲ್ಲಿ, ಬೆನ್ನು ಸೂರ್ಯನ ಕಡೆಗೆ, ಮುಖ ಗಾಡಿ ನಿಂತ ಕಡೆಗೆ. 1957ನೇ ಇಸವಿ, ಸಂಕ್ರಾಂತಿ ಕಳೆದ ಮೇಲಿನ ಮೊದಲ ಗುರುವಾರ, ಬೆಳಿಗ್ಗೆ, ಬಿಸಿಲು ಇನ್ನೂ ಅಡ್ಡಡ್ಡ ಬೀಳುತ್ತಿದ್ದ ಹೊತ್ತು. ನನ್ನ ಕಂಕುಳಲ್ಲಿ ಎಕ್ಸ್‌ರೇ ಫಿಲಮ್ಮುಗಳ ಲಕೋಟೆ ಇತ್ತು. ನನಗೂ ರೋಗಿಯನ್ನು ಹೊತ್ತು ತರುತ್ತಿದ್ದವರಿಗೂ ನಡುವೆ ಒಂದು ಎತ್ತಿನ ಗಾಡಿ ನಿಲ್ಲಿಸುವಷ್ಟು ಜಾಗ. ಅಡ್ಡ ಯಾರೂ ಇರಲಿಲ್ಲ.

ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಅವತ್ತಿನದನ್ನು ಆಮೇಲೆ ಜನ ಒಬ್ಬೊಬ್ಬರು ಒಂದೊಂದು ಥರ ಹೇಳಿದರು. ಡಾಕ್ಟರು ರೋಗಿಯ ಮುದುಕಿ ತಾಯಿಯ ಮೇಲೆ ಕೈ ಎತ್ತಿದರು ಅಂದವರಿದ್ದಾರೆ. ಡಾಕ್ಟರು ಪ್ಲಾಟ್‌ಫಾರಮ್ಮಿನ ಮೇಲೆ ಕೂತು ಅತ್ತರು ಅಂದವರೂ ಇದ್ದಾರೆ. ಎರಡೂ ಆಗಲಿಲ್ಲ. ಆದದ್ದನ್ನು ಹೇಳುತ್ತೇನೆ. ಆದರೆ ಆ ಡಾಕ್ಟರು ಎಂಥವರು ಅನ್ನುವುದು ಮೊದಲು ಗೊತ್ತಾಗದಿದ್ದರೆ ಆದದ್ದೇನು ಅನ್ನುವುದೂ ಗೊತ್ತಾಗುವುದಿಲ್ಲ.

ಅವರು ಮೂಳೆ ಡಾಕ್ಟರು. ಹೆಸರು ಬರೆಯುವುದಿಲ್ಲ, ತಮ್ಮ ಹೆಸರಿನ ಹಲಗೆಯನ್ನು ಬಾಗಿಲಿಗೆ ಹೊಡೆಸುವುದಕ್ಕೇ ಒಪ್ಪದ ಮನುಷ್ಯ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಅವರಿಗೆ ಮೂರು ಹೆಸರಿದ್ದವು. ತಮಿಳರು ಎಲುಂಬು ಡಾಕ್ಟರ್ ಅನ್ನುತ್ತಿದ್ದರು, ತೆಲುಗರು ಎಮುಕಲ ಡಾಕ್ಟರು, ನಮ್ಮ ಕಡೆಯವರು ಮೂಳೆ ಡಾಕ್ಟ್ರು. ಎತ್ತರದ ಆಳು, ತೆಳ್ಳಗೆ, ಕುತ್ತಿಗೆ ಸ್ವಲ್ಪ ಮುಂದಕ್ಕೆ ಬಾಗಿತ್ತು. ಬೇಸಿಗೆಯಲ್ಲೂ ಅವರ ಕೈ ತಣ್ಣಗಿರುತ್ತಿತ್ತು. ಅದಕ್ಕೇ ರೋಗಿಯನ್ನು ಮುಟ್ಟುವ ಮೊದಲು ಎರಡು ಅಂಗೈಗಳನ್ನೂ ಕಂಕುಳಲ್ಲಿ ಇಟ್ಟುಕೊಂಡು ಸುಮ್ಮನೆ ನಿಲ್ಲುತ್ತಿದ್ದರು. ಹೊಸಬರು ನೋಡಿದರೆ ಚಳಿಯಾಗುತ್ತಿದೆ ಅಂದುಕೊಳ್ಳುತ್ತಿದ್ದರು.

ನಾನು ಗಣಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸಕ್ಕಿದ್ದೆ. ನನ್ನನ್ನು ಅವರು ‘ಫೋಟೋದವರೇ’ ಎಂದು ಕರೆಯುತ್ತಿದ್ದರು. ಫಿಲಮ್ಮು ಒಣಗುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಒದ್ದೆ ಫಿಲಮ್ಮನ್ನೇ ಕಿಟಕಿಗೆ ಹಿಡಿದು ನೋಡುವರು. ಅದರಿಂದ ಫಿಲಮ್ಮು ತೊಳೆಯುವ ಮದ್ದು ತೊಟ್ಟಿಕ್ಕಿ ಅವರ ಪ್ಯಾಂಟುಗಳಿಗೆಲ್ಲ ಮೊಣಕಾಲಿನ ಹತ್ತಿರ ಕಲೆ. ನೋಡಿ ಮುಗಿದ ಮೇಲೆ ಪ್ರತಿ ಸಲವೂ ಒಂದೇ ಪ್ರಶ್ನೆ: “ಇವರ ಹೆಸರೇನು?”

ಒಂದು ಸಲ ನಾನು, “ಮೂಲೇಲಿ ಬರೆದಿದೆಯಲ್ಲ ಸಾರ್,” ಅಂದೆ.

“ನಂಗೆ ಓದೋಕೆ ಬರುತ್ತೆ ಕಣ್ರೀ. ನೀವು ಬಾಯಿಬಿಟ್ಟು ಹೇಳಿ.”

ಹೇಳಿದೆ. ಅಲ್ಲಿಂದ ಮುಂದೆ ಕೇಳುವ ಮೊದಲೇ ಹೇಳುತ್ತಿದ್ದೆ.

ನೆಲದಡಿ ಬಹಳ ಆಳದಲ್ಲಿ ಕೆಲವೊಮ್ಮೆ ಬಂಡೆ ಸಿಡಿಯುತ್ತಿತ್ತು. ಮೇಲೆ ಇದ್ದ ನಮಗೆ ಮೊದಲು ತಿಳಿಯುತ್ತಿದ್ದದ್ದು ಪಾತ್ರೆಗಳಿಂದ. ಗಣಿ ಆಳುಗಳ ಲೈನ್ ಮನೆಗಳಲ್ಲಿ ತಟ್ಟೆ ಲೋಟ ಗಲಗಲ ಅಂದರೆ ಹೆಂಗಸರು ಒಲೆ ಹಾಗೇ ಬಿಟ್ಟು ಗಣಿಗೆ ಇಳಿಯುವ ಶಾಫ್ಟಿನ ಕಡೆಗೆ ಓಡುವರು. ನನ್ನ ಕೋಣೆಯಲ್ಲಿ ಮದ್ದಿನ ಸೀಸೆಗಳು ಒಂದಕ್ಕೊಂದು ತಾಕಿ ಸದ್ದಾಗುತ್ತಿತ್ತು. ಆಗ ನಾನು ಯಾರನ್ನೂ ಕೇಳದೆ ಹೊಸ ಮದ್ದು ಕಲಸಲು ಶುರು ಮಾಡುತ್ತಿದ್ದೆ. ಡಾಕ್ಟರು ಎದ್ದು ಕೈ ತೊಳೆಯಲು ಹೋಗುತ್ತಿದ್ದರು. ಆಳುಗಳನ್ನು ಇಳಿಸಿ ಏರಿಸುವ ಪಂಜರ ಮೇಲಕ್ಕೆ ಬಂದ ಮೇಲೆ ಬರುತ್ತಿದ್ದವರು ಬರುತ್ತಿದ್ದರು.

ತೊಡೆ ಮುರಿದವರು, ಮುರಿದ ಮೂಳೆ ಚರ್ಮ ಸೀಳಿಕೊಂಡು ಆಚೆ ಬಂದವರು, ಗಾಯದೊಳಗೆಲ್ಲ ಗಣಿಯ ಕಪ್ಪು ಮಣ್ಣು ತುಂಬಿಕೊಂಡವರು. ಆ ಮಣ್ಣು ತೊಳೆಯುವುದೇ ಅವರಿಗೆ ದೊಡ್ಡ ಕೆಲಸ. ಮೂಳೆ ಕೂಡಿಸುವುದಕ್ಕಿಂತ ಹೆಚ್ಚು ಹೊತ್ತು ತೊಳೆಯುತ್ತಿದ್ದರು. ಮುರಿದ ತೊಡೆಯನ್ನು ಎಳೆದು ನೇರ ಇಡುವುದಕ್ಕೆ ಮಂಚದ ಕಾಲ ಬದಿಗೆ ರಾಟೆ ಹಾಕಿ ಹಗ್ಗಕ್ಕೆ ತೂಕ ಕಟ್ಟಬೇಕು. ನಮ್ಮಲ್ಲಿ ತೂಕದ ಬದಲು ಇಟ್ಟಿಗೆಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟುತ್ತಿದ್ದೆವು. ಆಂಡರ್ಸನ್‌ಪೇಟೆಯ ಒಬ್ಬ ಮೇಸ್ತ್ರಿ ಹಾಗೆ ಮಲಗಿದ್ದವನು ಡಾಕ್ಟರು ಬಂದಾಗಲೆಲ್ಲ ರೇಗಿಸುತ್ತಿದ್ದ: “ಏನ್ ಸಾರ್, ಇವತ್ತೂ ಒಂದು ಇಟ್ಟಿಗೆ ಜಾಸ್ತಿ ಮಾಡಿದ್ರಾ? ನಾನು ಡಿಸ್ಚಾರ್ಜ್ ಆಗೋ ಹೊತ್ತಿಗೆ ಮನೆ ಗೋಡೆ ಎದ್ದಿರ್ತದೆ ಬಿಡಿ.” ಡಾಕ್ಟರು ನಗದೆ, “ಬಾಗಿಲಿಗೆ ಜಾಗ ಬಿಟ್ಕೊಳಪ್ಪ,” ಅನ್ನುತ್ತಿದ್ದರು.

ಬೆನ್ನು ಮುರಿದವರು ಬಂದಾಗ ಮಾತ್ರ ಯಾವ ತಮಾಷೆಯೂ ಇಲ್ಲ. ಅವರ ಮಂಚದ ಕಾಲ ಬದಿಯಲ್ಲಿ ನೆಲದ ಮೇಲೆಯೇ ಕೂರುವರು, ಕಣ್ಣು ರೋಗಿಯ ಪಾದದ ಮಟ್ಟಕ್ಕೆ ಬರುವ ಹಾಗೆ. ಅಂಗೈ ಬಿಸಿ ಮಾಡಿಕೊಂಡು ಪಾದ ಹಿಡಿದು, “ಹೆಬ್ಬಟ್ಟು ಆಡಿಸಪ್ಪಾ,” ಅನ್ನುವರು. ವಾರ್ಡಿನಲ್ಲಿದ್ದವರೆಲ್ಲ ಮಾತು ನಿಲ್ಲಿಸುತ್ತಿದ್ದರು. ಕಾಲಿನ ಹೆಬ್ಬೆರಳು ಅಲುಗಿದರೆ ಬೆನ್ನಿನೊಳಗಿನ ನರ ಇನ್ನೂ ಉಳಿದಿದೆ. ಅಲುಗದಿದ್ದರೆ ಇಲ್ಲ. ಅಲುಗದವರಿಗೆ ಕೆಲವು ದಿನ ಬಿಟ್ಟು ತಾವೇ ಹೇಳುತ್ತಿದ್ದರು. ಮನೆಯವರನ್ನು ಕರೆದು ಪಿಸುಗುಟ್ಟುವ ಪದ್ಧತಿ ಅವರಿಗಿರಲಿಲ್ಲ. ಮಂಚದ ಪಕ್ಕ ಕೂತು, ಒಂದು ಕೈಯನ್ನು ಅವನ ಮುಂಗೈ ಮೇಲೆ ಇಟ್ಟು, ಮುಖ ನೋಡಿಕೊಂಡು, “ನಡೆಯೋಕೆ ಆಗಲ್ಲಪ್ಪ,” ಅನ್ನುವರು. ಕಣ್ಣು ತೆಗೆಯುತ್ತಿರಲಿಲ್ಲ. ಒಬ್ಬ ಹುಡುಗ ಹಿತ್ತಾಳೆ ಲೋಟ ಎತ್ತಿ ಅವರ ಮುಖಕ್ಕೆ ಎಸೆದ. ಹುಬ್ಬು ಒಡೆಯಿತು. ಲೋಟ ಎತ್ತಿ ಸ್ಟೂಲಿನ ಮೇಲಿಟ್ಟು ಮತ್ತೆ ಅಲ್ಲೇ ಕೂತರು.

ಸೊಂಟದ ಕೆಳಗೆ ಹೋದವರು ಆ ಕಾಲದಲ್ಲಿ ಬಹಳ ದಿನ ಉಳಿಯುತ್ತಿರಲಿಲ್ಲ. ಮಲಗಿ ಮಲಗಿ ಹುಣ್ಣಾಗುವುದು, ಮೂತ್ರಕ್ಕೆ ನಂಜು ಏರುವುದು. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದ್ದರಿಂದ ಹೆಬ್ಬಟ್ಟು ಅಂದರೆ ನಮ್ಮ ವಾರ್ಡಿನಲ್ಲಿ ಜೀವ ಅಂತಲೇ ಅರ್ಥ.

ಅವರ ದೊಡ್ಡ ಜಗಳ ಒಂದೇ ಒಂದು ಪದದ ಮೇಲೆ: ಕೂರಿಸುವುದು. ಬಿದ್ದವನನ್ನು ಕಂಡರೆ ನಮ್ಮ ಜನ ಮೊದಲು ಮಾಡುವ ಕೆಲಸ ಎತ್ತಿ ಕೂರಿಸಿ ನೀರು ಕುಡಿಸುವುದು. ಬೆನ್ನು ಮುರಿದವನನ್ನು ಹಾಗೆ ಬಗ್ಗಿಸಿದರೆ ಉಳಿದಿದ್ದ ನರವೂ ಕತ್ತರಿಸಿಹೋಗುತ್ತದೆ. ಇದನ್ನು ಹೇಳಲಿಕ್ಕೆ ಅವರು ತಲೆಗೆ ದೊಡ್ಡದಾದ ಗಣಿ ಟೋಪಿ ಹಾಕಿಕೊಂಡು ಆಗಾಗ ಕೆಳಕ್ಕೆ ಇಳಿಯುತ್ತಿದ್ದರು. ಯಾವನಾದರೂ ಒಬ್ಬ ಮೇಸ್ತ್ರಿಯನ್ನೇ ನೆಲಕ್ಕೆ ಮಲಗಿಸಿ, ಮರದ ದಿಮ್ಮಿ ಎತ್ತುವ ಹಾಗೆ ನಾಲ್ಕು ಜನರಿಂದ ಒಂದೇ ಸಲ ಎತ್ತಿಸಿ ತೋರಿಸುವರು. ಕನ್ನಡದಲ್ಲಿ ‘ಕೂರಿಸಬೇಡಿ’, ತೆಲುಗಿನಲ್ಲಿ ‘ಕೂರ್ಚೋಬೆಟ್ಟೊದ್ದು’, ತಮಿಳಿನಲ್ಲಿ ‘ಉಕ್ಕಾರ ವೈಕ್ಕಾದೇ’. ಅವರ ತಮಿಳು ಕೇಳಿ ಜನ ನಗುತ್ತಿದ್ದರು. ನಕ್ಕರೂ ಕಲಿತರು. ಗಣಿಯೊಳಗೆ ಕೂರಿಸುವುದು ನಿಂತುಹೋಯಿತು.

ಮುನಿರಾಜ ಬದುಕಿ ಬಂದದ್ದು ಅದರಿಂದಲೇ. ಅವನದು ಬಂಗಾರಪೇಟೆ ಹತ್ತಿರದ ಹಳ್ಳಿ. ಸುರಂಗದ ಚಾವಣಿ ಕುಸಿಯದಂತೆ ಮರದ ಊರೆಗಂಬ ಕೊಡುವ ಕೆಲಸ. ಬಂಡೆ ಬಿದ್ದು ಸೊಂಟದ ಮೇಲುಗಡೆ ಬೆನ್ನುಮೂಳೆಯ ಒಂದು ಮಣಿ ನಜ್ಜುಗುಜ್ಜಾಗಿತ್ತು. ಅದರ ಮೇಲಿನ ಮಣಿ ಮುಂದಕ್ಕೆ ಜಾರಿತ್ತು. ನನ್ನ ಫಿಲಮ್ಮು ನೋಡಿದ ಯಾರೇ ಆದರೂ ಇವನು ಮುಗಿದ ಎನ್ನಬೇಕು. ಆದರೆ ಅವನ ಜೊತೆಯವರು ಡಾಕ್ಟರು ಹೇಳಿಕೊಟ್ಟ ಹಾಗೆಯೇ ಅಲುಗದಂತೆ ತಂದಿದ್ದರು. ಡಾಕ್ಟರು ನೆಲದ ಮೇಲೆ ಕೂತು ಪಾದ ಹಿಡಿದರು. ಎಡಗಾಲಿನ ಹೆಬ್ಬಟ್ಟು ಒಂದಿಷ್ಟು ಬಾಗಿತು. ಇನ್ನೊಂದು ಸಲ ಕೇಳಿದರು. ಮತ್ತೆ ಬಾಗಿತು. ಡಾಕ್ಟರು ಏಳುವಾಗ ಮಂಚದ ಕಂಬಿ ಹಿಡಿದುಕೊಂಡು ಎದ್ದರು.

ಔಷಧಿ ಅಂದರೆ ಏನಿಲ್ಲ. ಬೆನ್ನಿನ ಕೆಳಗೆ ದಿಂಬು ಕೊಟ್ಟು ಅಂಗಾತ ಮಲಗಿಸುವುದು, ಹೊತ್ತು ಹೊತ್ತಿಗೆ ನಾಲ್ಕು ಜನ ಸೇರಿ ಒಂದೇ ಸಲಕ್ಕೆ ಮಗ್ಗುಲು ತಿರುಗಿಸುವುದು, ಮೂಳೆ ತಾನಾಗಿ ಕೂಡುವವರೆಗೆ ತಿಂಗಳುಗಟ್ಟಲೆ ಕಾಯುವುದು. ಮುನಿರಾಜ ತಮಾಷೆಯ ಮನುಷ್ಯ. ದಿನಕ್ಕಷ್ಟು ಆ ಬೆರಳು ಜಾಸ್ತಿ ಆಡತೊಡಗಿತು. ತಾಯಿ ಬಂದಾಗ ಹೊದಿಕೆ ಸರಿಸಿ, “ನೋಡವ್ವ, ಎಬ್ಬಟ್ಟು ಕುಣೀತದೆ. ತಮಟೆ ಒಂದು ಕಮ್ಮಿ,” ಅನ್ನುತ್ತಿದ್ದ.

ತಾಯಿ ಅಕ್ಕಯಮ್ಮನಿಗೆ ಅದರಿಂದ ಸಮಾಧಾನ ಇರಲಿಲ್ಲ. ಆಕೆಯ ಅನುಮಾನ ಬೇರೆ. ಮೂಳೆ ಮುರಿದವನಿಗೆ ಕಟ್ಟು ಕಟ್ಟಿಲ್ಲವಲ್ಲ! ಪಕ್ಕದ ಮಂಚದಲ್ಲಿ ಕಾಲು ಮುರಿದವನಿಗೆ ಸುಣ್ಣದಂಥ ಬಿಳಿ ಕಟ್ಟು, ಕೈ ಮುರಿದವನಿಗೆ ಕಟ್ಟು, ಇವನಿಗೆ ಒಂದು ಚಿಂದಿಯೂ ಇಲ್ಲ.

“ಎಣ್ಣೆ ಇಲ್ಲ, ಸೊಪ್ಪಿಲ್ಲ, ಕಟ್ಟಿಲ್ಲ. ದಿಂಬು ಮಡಗವ್ರೆ, ಆಕಡೀಗೆ ಈಕಡೀಗೆ ತಿರುಗಿಸ್ತವ್ರೆ. ಇದೂ ಒಂದ್ ವೈದ್ಯನಾ ಸಾಮಿ?” ಎಂದು ಡಾಕ್ಟರನ್ನೇ ಕೇಳಿದಳು. ಆಂಧ್ರದ ಗಡಿ ದಾಟಿದರೆ ಒಂದು ಹಳ್ಳಿಯಲ್ಲಿ ಮೂಳೆಗೆ ಕಟ್ಟು ಕಟ್ಟುತ್ತಿದ್ದರು; ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ ಅಂದಳು.

ಡಾಕ್ಟರು ಕೋಪ ಮಾಡಿಕೊಳ್ಳಲಿಲ್ಲ. “ತಾಯಿ, ಎಳೇ ಸೋರೆಬಳ್ಳಿ ಮೇಲೆ ಕಲ್ಲು ಬಿದ್ದಿದೆ. ಬಳ್ಳಿ ಇನ್ನೂ ಹಸಿರಾಗಿದೆ. ಕಲ್ಲು ಅಲ್ಲಾಡಿದರೆ ಬಳ್ಳಿ ತುಂಡಾಗುತ್ತೆ. ಅದಕ್ಕೇ ಯಾರೂ ಮುಟ್ಟಬಾರದು ಅಂತಿದ್ದೀನಿ,” ಅಂದರು.

“ಕಲ್ಲು ತೆಗೀಬೇಕಲ್ಲ ಸಾಮಿ?”

“ತೆಗೆಯೋಕೆ ಬರಲ್ಲ. ಬಳ್ಳೀನೇ ಗಟ್ಟಿಯಾಗಬೇಕು.”

ಆಕೆ ಒಪ್ಪಲಿಲ್ಲ. ದೊಡ್ಡ ಮಗ ಪಿಳ್ಳಪ್ಪನನ್ನೂ ತನ್ನ ತಮ್ಮನನ್ನೂ ಕರೆತಂದು ಹಟ ಹಿಡಿದಳು. ಮುನಿರಾಜನೂ ಕೊನೆಗೆ, “ಅಮ್ಮ ಅಳ್ತಾಳೆ ಸಾಮಿ, ಓಗಿ ಬತ್ತೀನಿ,” ಅಂದ. ರೋಗಿಯೇ ಹೊರಟರೆ ತಡೆಯುವ ಹಾಗಿಲ್ಲ. ಮಾರನೆಯ ದಿನ ಬೆಳಿಗ್ಗೆ ಡಾಕ್ಟರು ಪ್ಲಾಸ್ಟರ್ ರೂಮಿನ ಬಾಗಿಲನ್ನು ಕೀಲಿನಿಂದ ಕಳಚಿಸಿದರು. ಮಡಚದ, ಬಾಗದ ಹಲಗೆ ಅಷ್ಟು ಉದ್ದದ್ದು ಬೇರೆ ಇರಲಿಲ್ಲ. ಅದರ ಮೇಲೆ ಹಾಸಿಗೆ ಹಾಸಿ, ದಿಂಬು ಕೊಟ್ಟು, ಮುನಿರಾಜನನ್ನು ಮಲಗಿಸಿ, ಎದೆಗೂ ತೊಡೆಗೂ ಪಟ್ಟಿ ಕಟ್ಟಿದರು. ಚಳಿ ಇತ್ತು. ವಾರ್ಡಿನ ಬಿಳಿ ದುಪ್ಪಟಿಯನ್ನು ಗದ್ದದವರೆಗೆ ತಾವೇ ಹೊದಿಸಿದರು. ಆಮೇಲೆ ಕೋಟು ಹಾಕಿಕೊಂಡು ತಾವೂ ಹೊರಟರು.

“ನೀವ್ಯಾಕೆ ಸಾಮಿ?” ಅಂದ ಪಿಳ್ಳಪ್ಪ.

“ಕಟ್ಟೋರ ಮುಂದೆ ಇಳಿಸೋವರೆಗೆ ಇವನು ನನ್ನ ರೋಗಿ. ಫೋಟೋದವರೇ, ನೀವೂ ಬನ್ನಿ. ಕಟ್ಟುವವರಾದರೂ ಎಲ್ಲಿ ಮುರಿದಿದೆ ಅಂತ ನೋಡಲಿ.”

ಬಂಗಾರಪೇಟೆವರೆಗೆ ಗಾಡಿಯಲ್ಲಿ ಏನೂ ಆಗಲಿಲ್ಲ. ಮುನಿರಾಜ ಡಬ್ಬಿಯ ಚಾವಣಿ ನೋಡಿಕೊಂಡು ಹಾಡು ಗುನುಗುತ್ತಿದ್ದ. ದುಪ್ಪಟಿಯ ತುದಿ ಆಗಾಗ ಕುಣಿಯುತ್ತಿತ್ತು, ಬೆರಳು ಆಡಿಸುತ್ತಿದ್ದ. ನಾನು ನೋಡಿದೆ. ಬಂಗಾರಪೇಟೆಯಲ್ಲಿ ಇಳಿದು, ಹಳಿ ದಾಟಿ, ಗಡಿಯಾಚೆಯ ಕುಪ್ಪಂ ಕಡೆಗೆ ಹೋಗುವ ಗಾಡಿ ಹತ್ತಬೇಕಿತ್ತು. ಆ ಗಾಡಿಯ ಗಾರ್ಡಿನ ಡಬ್ಬಿಯಲ್ಲಿ ಬುಟ್ಟಿಗಳನ್ನು ಸರಿಸಿ ನೆಲದ ಮೇಲೆ ಬಾಗಿಲು ಇಡುವಷ್ಟು ಜಾಗ ಮಾಡಿಸುವುದಕ್ಕೆ ಡಾಕ್ಟರು ಮುಂದೆ ಹೋದರು. “ಮಟ್ಟಸವಾಗಿ ತನ್ನಿ. ಬಗ್ಗಿಸಬೇಡಿ,” ಎಂದು ಹೇಳಿ ಹೋದರು.

ಬಾಗಿಲನ್ನು ಹಿಡಿದಿದ್ದವರು ನಾಲ್ವರು. ತಲೆಯ ಕಡೆ ಪಿಳ್ಳಪ್ಪ ಮತ್ತು ಅವನ ಸೋದರಮಾವ. ಕಾಲಿನ ಕಡೆ ನಮ್ಮ ವಾರ್ಡಿನ ಆಳು ಆರೋಗ್ಯಸ್ವಾಮಿ ಮತ್ತು ಸ್ಟೇಷನ್ನಿನ ಒಬ್ಬ ಕೂಲಿ. ಪ್ಲಾಟ್‌ಫಾರಮ್ಮಿನ ಮೇಲೆ ಜನ ಬಹಳ. ಕೈಯಲ್ಲಿ ಹಿಡಿದರೆ ಜನ ತಾಕುತ್ತಿದ್ದರು. ಕೂಲಿ, “ಭುಜಕ್ಕೆ ಕೊಡ್ರಣ್ಣ, ಸಲೀಸಾಗ್ತದೆ,” ಅಂದ. ಮೂಟೆ ಹೊರುವವನಿಗೆ ಹೊಳೆಯುವುದು ಅದೇ. ನಾಲ್ವರೂ ಒಂದೇ ಸಲ ಎತ್ತಿ ಭುಜದ ಮೇಲೆ ಇಟ್ಟುಕೊಂಡರು. ಬಾಗಿಲು ಮಟ್ಟಸವಾಗಿಯೇ ಇತ್ತು. ಡಾಕ್ಟರು ಹೇಳಿದ್ದನ್ನು ಯಾರೂ ಮೀರಲಿಲ್ಲ.

ಅವರು ನನ್ನ ಕಡೆಗೆ, ಸೂರ್ಯನಿಗೆ ಎದುರಾಗಿ ಬರುತ್ತಿದ್ದರು. ಕಣ್ಣಿಗೆ ಬಿಸಿಲು ಹೊಡೆದು ಮುನಿರಾಜ ಕಣ್ಣು ಮುಚ್ಚಿಕೊಂಡಿದ್ದ. ನಾಲ್ಕು ಭುಜಗಳ ಮೇಲೆ, ಬಿಳಿ ಬಟ್ಟೆ ಹೊದ್ದು, ಕಣ್ಣು ಮುಚ್ಚಿ ಅಂಗಾತ ಮಲಗಿದ ಮನುಷ್ಯ. ಹಿಂದೆ ಸೆರಗು ಹಿಡಿದು ಬರುತ್ತಿರುವ ತಾಯಿ. ಜನ ದಾರಿ ಬಿಟ್ಟರು. ಕಡಲೆಕಾಯಿ ಮಾರುತ್ತಿದ್ದ ಒಬ್ಬ ಮುದುಕ ಎದ್ದು ನಿಂತು ತಲೆಯ ವಲ್ಲಿ ತೆಗೆದ. ಒಬ್ಬರು ಚಪ್ಪಲಿ ಕಳಚಿದರು. ಒಬ್ಬಾಕೆ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ಕಡಲೆಕಾಯಿ ಮುದುಕ ಅಕ್ಕಯಮ್ಮ ಹತ್ತಿರ ಬಂದಾಗ ಮೆಲ್ಲಗೆ ಕೇಳಿದ:

“ಎಷ್ಟೊತ್ತಿಗೆ ಓಯ್ತಮ್ಮ ಜೀವ?”

ಆಕೆಗೆ ಮೊದಲು ಅರ್ಥವಾಗಲಿಲ್ಲ. ಮುದುಕನ ಮುಖ ನೋಡಿದಳು. ಆಮೇಲೆ ತಲೆ ಎತ್ತಿ ಮಗ ಇದ್ದ ರೀತಿ ನೋಡಿದಳು.

“ಅಯ್ಯಯ್ಯಪ್ಪೋ! ನನ್ ಮಗನ್ನ ಎಣ ಒತ್ತಂಗೆ ಒತ್ಕೊಂಡೋಯ್ತಾವ್ರಲ್ಲಪ್ಪೋ! ಇಳಿಸ್ರೋ! ಪಿಳ್ಳಾ, ಇಳಿಸ್ಲಾ! ಕೂರಿಸ್ರೋ ಅವನ್ನ! ಬದ್ಕವ್ನೆ ಅಂತ ಜನಕ್ಕೆ ಕಾಣ್ಲಿ, ಕೂರಿಸ್ರೋ!”

ಆ ಕೂಗಿಗೆ ನಾಲ್ವರೂ ಬಾಗಿಲನ್ನು ಇಳಿಸಿದರು. ಇಳಿಸುವ ರಭಸಕ್ಕೆ ಆರೋಗ್ಯಸ್ವಾಮಿಯ ಬೆರಳುಗಳು ಅಂಚಿನ ಕೆಳಗೆ ಸಿಕ್ಕಿಕೊಂಡವು. “ವೇಂಡಾಂಣ್ಣೇ, ವೇಂಡಾಂ! ಬೇಡಾಣ್ಣ!” ಎಂದು ಕೂಗುತ್ತಿದ್ದ. ನಾನೂ ಓಡಿದೆ. ಅಷ್ಟರಲ್ಲಿ ಅಕ್ಕಯಮ್ಮ ಎದೆಯ ಪಟ್ಟಿ ಕಿತ್ತಿದ್ದಳು. ಪಿಳ್ಳಪ್ಪ ತಮ್ಮನ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಿದ.

ಒಣಗಿದ ತೊಗರಿಕಡ್ಡಿ ಮುರಿದಂಥ ಸದ್ದು ಬಂತು ಎಂದು ಪಿಳ್ಳಪ್ಪ ಆಮೇಲೆ ಹೇಳಿದ. ನನಗೆ ಕೇಳಿಸಲಿಲ್ಲ. ನನಗೆ ಕೇಳಿಸಿದ್ದು ಮುನಿರಾಜನ ಬಾಯಿಂದ ಬಂದ ಒಂದು ಸಣ್ಣ ‘ಆ’. ನೋವಿನದಲ್ಲ, ಏನೋ ಮರೆತದ್ದು ನೆನಪಾದವರು ಅನ್ನುವ ‘ಆ’. ಕೂತಿದ್ದ. ಕಣ್ಣು ಬಿಟ್ಟಿದ್ದ. ತಾಯಿ ಜನರ ಕಡೆಗೆ ತಿರುಗಿ, “ನೋಡ್ರಪ್ಪ, ಕುಂತವ್ನೆ ನೋಡ್ರಿ!” ಅನ್ನುತ್ತಿದ್ದಳು.

ಡಾಕ್ಟರು ಹಳಿ ದಾಟಿ ಓಡಿ ಬಂದರು. “ಮಲಗಿಸಿ,” ಎಂದರು, ಅಷ್ಟೇ. ಮಲಗಿಸಿದೆವು. ಅವರು ಪ್ಲಾಟ್‌ಫಾರಮ್ಮಿನ ಕಲ್ಲಿನ ಮೇಲೆ ಕೂತರು. ಆ ಹೊತ್ತಿನಲ್ಲೂ ಅಂಗೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡಿಕೊಂಡರು. ದುಪ್ಪಟಿ ಸರಿಸಿ ಎಡಪಾದ ಹಿಡಿದರು.

“ಹೆಬ್ಬಟ್ಟು ಆಡಿಸಪ್ಪಾ.”

ಬೆರಳು ಅಲುಗಲಿಲ್ಲ.

“ಆಡಿಸಪ್ಪಾ ಮುನಿರಾಜ.”

“ಆಡಿಸ್ತಾನೇ ಇವ್ನಿ ಸಾಮಿ,” ಅಂದ ಮುನಿರಾಜ.

ಡಾಕ್ಟರು ಆ ಬೆರಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪಾದದ ಮೇಲೆ ದುಪ್ಪಟಿ ಎಳೆದು, ಅಂಚನ್ನು ಕೆಳಗೆ ಸಿಕ್ಕಿಸಿದರು. ಕೈ ಎತ್ತಲಿಲ್ಲ, ಅಳಲಿಲ್ಲ. ಅಕ್ಕಯಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಕುಪ್ಪಂ ಗಾಡಿ ಬಂತು, ನಿಂತಿತು, ಹೋಯಿತು. ಮುನಿರಾಜನೇ, “ವಾಪಸ್ ಓಗಾಣ ಸಾಮಿ,” ಅಂದ. ಮಾರಿಕುಪ್ಪಂ ಗಾಡಿಯಲ್ಲಿ ವಾಪಸು ಬಂದೆವು. ಡಾಕ್ಟರು ಇಡೀ ದಾರಿ ಗಾಡಿಯ ನೆಲದ ಮೇಲೆ, ಅವನ ತಲೆಯ ಪಕ್ಕ ಕೂತಿದ್ದರು. ಇಳಿಯುವಾಗ ನನ್ನ ಕೈಯ ಲಕೋಟೆ ನೋಡಿ, “ಆ ದುಪ್ಪಟಿ ಹೊದಿಸಿದ್ದು ನಾನು ಕಣ್ರೀ,” ಅಂದರು. “ಅದು ಹೇಗೆ ಕಾಣುತ್ತೆ ಅಂತ ನನಗೆ ಹೊಳೀಲಿಲ್ಲ.”

ಪ್ಲಾಸ್ಟರ್ ರೂಮಿಗೆ ಮತ್ತೆ ಬಾಗಿಲು ಕೂರಿಸಲಿಲ್ಲ. ಪರದೆ ಹಾಕಿಸಿದರು. ಆ ಬಾಗಿಲಿಗೆ ಪಕ್ಕದಲ್ಲಿ ಹಿಡಿಗಳನ್ನು ಹೊಡೆಸಿ ರೋಗಿಗಳನ್ನು ತರಲು ಇಟ್ಟುಕೊಂಡರು. ಅವತ್ತಿಂದ ಹೊಸ ಕಟ್ಟುನಿಟ್ಟು ಬಂತು. ಯಾರನ್ನೂ ಭುಜದ ಮೇಲೆ ಹೊರಬಾರದು. ಸೊಂಟಕ್ಕಿಂತ ಕೆಳಗೇ ಹಿಡಿಯಬೇಕು. ಬಿಳಿ ಬಟ್ಟೆ ಬೇಡ, ಕೆಂಪು ಕಂಬಳಿ. ಒಬ್ಬ ತಲೆಯ ಪಕ್ಕ ನಡೆಯುತ್ತ, ಜನರಿಗೆ ಕೇಳುವ ಹಾಗೆ ಗಟ್ಟಿಯಾಗಿ “ಇದ್ದೀಯಾ?” ಅನ್ನಬೇಕು. ಮಲಗಿದವನು ಅಷ್ಟೇ ಗಟ್ಟಿಯಾಗಿ “ಇದ್ದೀನಿ” ಅನ್ನಬೇಕು. ಇಳಿಸುವವರೆಗೂ ಹೀಗೆ.

ಇದೆಲ್ಲ ಯಾಕೆಂದು ಮೇಲಧಿಕಾರಿಗಳು ಕೇಳಿದಾಗ ಡಾಕ್ಟರು, ರೋಗಿಗೆ ಪ್ರಜ್ಞೆ ಇದೆಯೋ ಇಲ್ಲವೋ ತಿಳಿಯುತ್ತದೆ ಅಂದರು. ಅದೂ ನಿಜವೇ. ತಮಿಳರಿಗೆ ತಮಿಳಿನಲ್ಲೇ ಕೇಳಬಹುದಿತ್ತು, ತೆಲುಗರಿಗೆ ತೆಲುಗಿನಲ್ಲಿ. ಆದರೆ ಆ ಎರಡು ಮಾತು ಮಾತ್ರ ಎಲ್ಲರ ಬಾಯಲ್ಲೂ ಕನ್ನಡದಲ್ಲೇ ನಿಂತವು. ಕನ್ನಡ ಬಾರದವನೂ ‘ಇದ್ದೀನಿ’ ಅನ್ನುವುದನ್ನು ಕಲಿತ. ಕಣಕಾಲು ಮುರಿದ ಒಬ್ಬ ಪೋಕರಿ, “ಇಲ್ಲ ಕಣ್ಲಾ, ಸಿನಿಮಾಕ್ಕೋಗಿವ್ನಿ,” ಅಂದನಂತೆ. ಇದನ್ನು ಹೇಳಿ ಡಾಕ್ಟರನ್ನು ನಗಿಸಲು ನೋಡಿದೆವು. ಅವರು, “ಸದ್ಯ, ಉತ್ತರ ಕೊಟ್ನಲ್ಲ,” ಅಂದರು.

ಮುನಿರಾಜ ಮುಂದಿನ ವರ್ಷದ ಮಳೆಗಾಲದಲ್ಲಿ ನಂಜೇರಿ ಸಾಯುವವರೆಗೆ ವಾರ್ಡಿನಲ್ಲೇ ಇದ್ದ. ಅಕ್ಕಯಮ್ಮನೂ ಅಲ್ಲೇ ಉಳಿದಳು. ಮಗನ ಮಗ್ಗುಲು ತಿರುಗಿಸುವುದನ್ನು ಕಲಿತಳು. ಹುಣ್ಣು ತೊಳೆಯುವುದನ್ನು ಕಲಿತಳು. ಡಾಕ್ಟರೇ ಕೈ ಹಿಡಿದು ಕಲಿಸಿದರು. ಅವನಿಗೆ ತಮಾಷೆ ಕಡಿಮೆಯಾಗುತ್ತ ಬಂತು. ಬೆರಳಿನ ಮಾತು ಎತ್ತುವುದನ್ನು ಬಿಟ್ಟ.

ಅವನು ಇನ್ನೂ ಇದ್ದಾಗಲೇ ಒಂದು ಮಧ್ಯಾಹ್ನ ಹೊಸ ರೋಗಿಯೊಬ್ಬನನ್ನು ತರುತ್ತಿದ್ದರು. “ಇದ್ದೀಯಾ?” “ಇದ್ದೀನಿ.” “ಇದ್ದೀಯಾ?” “ಇದ್ದೀನಿ.” ವರಾಂಡದಲ್ಲಿ ಬಟ್ಟೆ ಹಿಂಡುತ್ತಿದ್ದ ಅಕ್ಕಯಮ್ಮ ಕೈ ನಿಲ್ಲಿಸಿ ಕೇಳುತ್ತ ನಿಂತಳು. ಫಿಲಮ್ಮು ತೋರಿಸಲು ನಾನು ಡಾಕ್ಟರ ಪಕ್ಕ ನಿಂತಿದ್ದೆ. ಆಕೆ ಹತ್ತಿರ ಬಂದಳು.

“ಇದು ನನ್ ಮಗಂಗೆ ಅಂಗಾದಮ್ಯಾಲೆ ಶುರು ಮಾಡಿದ್ದು ಅಲ್ವಾ ಸಾಮಿ?”

ಡಾಕ್ಟರು ನನ್ನ ಕೈಯಿಂದ ಫಿಲಮ್ಮು ತೆಗೆದುಕೊಂಡರು.

“ಅವತ್ತು ನಾನು ಕೂರಿಸ್ರೋ ಅಂದ್ನಲ್ಲ. ಅದಕ್ಕಾ ಸಾಮಿ ಕಾಲು ಓಗಿದ್ದು?”

ನಾನು ಡಾಕ್ಟರ ಮುಖ ನೋಡಿದೆ. ಲೋಟದ ಗಾಯದ ಗುರುತು ಹುಬ್ಬಿನ ಮೇಲೆ ಇನ್ನೂ ಇತ್ತು. ಅವರು ಕಿಟಕಿಯ ಕಡೆಗೆ ತಿರುಗಿ, ನನ್ನ ಒದ್ದೆ ಫಿಲಮ್ಮನ್ನು ಬೆಳಕಿಗೆ ಹಿಡಿದು, ಅದನ್ನೇ ನೋಡುತ್ತ, “ಇಲ್ಲ ತಾಯಿ. ಅದು ಗಣಿಯೊಳಗೇ ಹೋಗಿತ್ತು. ನೀವೇನು ಮಾಡಿದ್ದರೂ ಅಷ್ಟೇ,” ಅಂದರು.

ಆಕೆ, “ಆಯ್ತು ಸಾಮಿ,” ಎಂದು ಹೋಗಿ ಬಟ್ಟೆ ಹಿಂಡಿದಳು. ಆ ದಿನ ಫಿಲಮ್ಮಿನ ಹೆಸರು ನಾನು ಹೇಳಲಿಲ್ಲ, ಡಾಕ್ಟರೂ ಕೇಳಲಿಲ್ಲ.

ಕೆಲಸ ಬಿಟ್ಟ ಮೇಲೆ ಅವರು ಬಂಗಾರಪೇಟೆಯಲ್ಲೇ ಮನೆ ಮಾಡಿದರು. ಎಲ್ಲ ಬಿಟ್ಟು ಅಲ್ಲೇ ಯಾಕೆ ಅಂತ ನಾನು ಕೇಳಲಿಲ್ಲ. ಹೋದ ವರ್ಷ ಚಳಿಗಾಲದಲ್ಲಿ ತೀರಿಕೊಂಡರು. ಗಣಿಯಿಂದ ಅವರ ಹಳೆಯ ಆಳುಗಳೆಲ್ಲ ಬೆಳಗಿನ ಗಾಡಿಗೆ ಬಂದರು. ಅಕ್ಕಯಮ್ಮ ಹಳ್ಳಿಯಿಂದ ಪಿಳ್ಳಪ್ಪನ ತೋಳು ಹಿಡಿದು ಬಂದಿದ್ದಳು, ಕಣ್ಣು ಮಂಜಾಗಿತ್ತು. ನಾಲ್ವರು ಚಟ್ಟ ಎತ್ತಿ ಭುಜಕ್ಕೆ ಕೊಟ್ಟರು. ತಲೆಯ ಪಕ್ಕ ನಿಂತಿದ್ದ ಆರೋಗ್ಯಸ್ವಾಮಿಗೆ ಹನ್ನೆರಡು ವರ್ಷದ ಅಭ್ಯಾಸ. ಕಾಲು ಮುಂದಿಡುತ್ತಲೇ ಗಟ್ಟಿಯಾಗಿ ಅವನ ಬಾಯಿಂದ ಬಂದುಬಿಟ್ಟಿತು:

“ಇದ್ದೀರಾ ಸಾರ್?”

ಹೊತ್ತವರು ನಿಂತುಬಿಟ್ಟರು. ಆರೋಗ್ಯಸ್ವಾಮಿ ಬಾಯಿಗೆ ಟವಲು ಒತ್ತಿಕೊಂಡ. ಆಗ ಹಿಂದಿನಿಂದ ಅಕ್ಕಯಮ್ಮನ ದನಿ ಬಂತು:

“ಇಲ್ಲಪ್ಪಾ. ನಡೀರಿ.”

ಈ ಬೇಸಿಗೆಯಲ್ಲಿ ಅಕ್ಕಯಮ್ಮನೂ ಹೋದಳು. ಮಣ್ಣಿಗೆ ಹೋಗಿದ್ದೆ. ಎಲ್ಲ ಮುಗಿದ ಮೇಲೆ ಪಿಳ್ಳಪ್ಪ ನನ್ನನ್ನು ರಸ್ತೆಯವರೆಗೆ ಕಳಿಸಲು ಬಂದ. ಡಾಕ್ಟರ ಬಗ್ಗೆ ಬರೆಯಬೇಕೆಂದಿದ್ದೇನೆ, ಆದರೆ ಪ್ಲಾಟ್‌ಫಾರಮ್ಮಿನ ಸಂಗತಿ ಬಿಟ್ಟರೆ ಅದು ಸುಳ್ಳಾಗುತ್ತದೆ, ಸೇರಿಸಿದರೆ ನಿನಗೆ ನೋವಾಗುತ್ತದೆ ಎಂದೆ.

“ಬರೀರಿ ಸಾಮಿ,” ಅಂದ. “ನನ್ ಕೈಯಾಗೇ ಅಲ್ವಾ ಆಗಿದ್ದು? ಈ ಅಂಗೈಗೆ ಗೊತ್ತಾಗಿತ್ತು ಅವತ್ತೇ. ನಾನು ಯಾವತ್ತೂ ಡಾಕ್ಟ್ರನ್ನ ಕೇಳ್ನಿಲ್ಲ.”

“ನಿಮ್ಮಮ್ಮ ಕೇಳಿದ್ದಳು. ಅವರು ಇಲ್ಲ ಅಂದರು.”

“ಗೊತ್ತು. ಆ ಸಂಜೇನೇ ನಂಗೇಳಿದ್ಳು. ‘ಪಿಳ್ಳಾ, ಡಾಕ್ಟ್ರು ನನ್ ಮಕ ನೋಡಿ ಏಳ್ನಿಲ್ಲ ಕಣ್ಲಾ’ ಅಂದ್ಳು. ಆಮ್ಯಾಕೆ ಅದರ ಮಾತೇ ಎತ್ತಲಿಲ್ಲ. ಆ ಯಪ್ಪ ಏಳಿದ್ದು ನಂಬಿವ್ನಿ ಅಂತ ಆ ಯಪ್ಪನಿಗೆ ಅನ್ನಿಸ್ಲಿ ಅಂತ ಸುಮ್ಕಿದ್ಳು.”

ಬಸ್ಸು ಬರುವವರೆಗೆ ಅವನು ಎರಡು ಅಂಗೈಗಳನ್ನೂ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಚಳಿ ಇರಲಿಲ್ಲ.

ಆ ಗುರುವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಅದನ್ನು ಕಣ್ಣಾರೆ ಕಂಡವರಲ್ಲಿ ಸೋದರಮಾವ ತೀರಿಕೊಂಡ. ಕಡಲೆಕಾಯಿ ಮುದುಕ ಯಾರೆಂದು ಗೊತ್ತಾಗಲೇ ಇಲ್ಲ. ಆ ಕೂಲಿ ಬಂಗಾರಪೇಟೆ ಸ್ಟೇಷನ್ನಿನಲ್ಲೇ ಇದ್ದಾನೆ. ಮನುಷ್ಯರನ್ನು ಹೊರಲು ಕರೆದರೆ ಬರುವುದಿಲ್ಲ. ಆರೋಗ್ಯಸ್ವಾಮಿ ಆಂಡರ್ಸನ್‌ಪೇಟೆಯಲ್ಲಿ ಇದ್ದಾನೆ. ಬಲಗೈಯ ಎರಡು ಬೆರಳು ಈಗಲೂ ನೆಟ್ಟಗೆ ಮಡಚುವುದಿಲ್ಲ. ಪಿಳ್ಳಪ್ಪ ತನ್ನ ಹಳ್ಳಿಯಲ್ಲಿ ಇದ್ದಾನೆ. ನಾನು ಇದ್ದೀನಿ.